ಇಪ್ಪತ್ತೈದರ ಕಟ್ಟು

ಹೆಸರಿಗೇನೋ ಶಕ್ತಿನಗರ.
ಬಸ್ ಸ್ಟ್ಯಾಂಡಿನಿಂದ ನೀರಿನ ಟ್ಯಾಂಕಿಯ ತನಕ
ಒಂದೇ ಏರು. ಆಟೋದವರೂ
ಮೊದಲ ಗೇರಿಗೆ ಇಳಿಸಿ ಬೈಯುತ್ತಾರೆ.

ಮೊದಲ ದಿನ ಕಾರ್ಮಿಣ್ ಬಾಯಿಯ ಗೇಟು ಹಿಡಿದು ನಿಂತೆ.
ಅವರ ನಾಯಿ ಬೊಗಳಲೂ ಇಲ್ಲ;
ನನ್ನ ಏದುಸಿರು ಕೇಳಿ
ಇನ್ನೊಂದು ನಾಯಿಯೆಂದುಕೊಂಡಿರಬೇಕು.

ವೆನ್ಲಾಕಿನ ಡಾಕ್ಟರು ಚೀಟಿಯಲ್ಲಿ ಬರೆದದ್ದು ಎರಡು ಮಾತ್ರೆ,
ಬಾಯಲ್ಲಿ ಹೇಳಿದ್ದು: ನಡೆಯಬೇಕಮ್ಮ.
ನಡೆಯುವುದೆಂದರೆ ಎಲ್ಲಿಗೆ?
ಮೂವತ್ತೊಂದು ವರ್ಷ ನಾನು ಹೋದದ್ದು
ಮನೆಯಿಂದ ಬೀಡಿ ಬ್ರಾಂಚಿಗೆ,
ಬ್ರಾಂಚಿನಿಂದ ಮನೆಗೆ.
ಉಳಿದಂತೆ ಕಾಲು ಮಡಚಿ ಕೂತದ್ದು.
ಇವು ತೊಡೆಗಳೆಂದು ಗೊತ್ತೇ ಇರಲಿಲ್ಲ,
ತಡಪೆ ಇಡುವ ಮೇಜು ಅಂದುಕೊಂಡಿದ್ದೆ.

ಹೊಗಳಿಕೆಯೆಲ್ಲ ಬೆರಳಿಗೆ ಹೋಯಿತು.
ಎಲೆ, ಚಿಟಿಕೆ ಸೊಪ್ಪು, ಸುರುಳಿ, ನೂಲಿನ ಸುತ್ತು,
ಕರೆಂಟು ಹೋದರೂ ನಿಲ್ಲದ ಬೆರಳು.
ಮಗಳ ಫೀಸು ಕಟ್ಟಿದ್ದು, ಮಾಡಿಗೆ ಹೊಸ ಹಂಚು,
ಅವರ ಕೊನೆಯ ತಿಂಗಳ ಆಸ್ಪತ್ರೆ
ಎಲ್ಲ ಇವುಗಳದೇ ಹೆಸರಿನಲ್ಲಿ.
ಮೊಣಕಾಲನ್ನು ಯಾರು ಕೇಳಿದರು?
ನಾನೂ ಕೇಳಲಿಲ್ಲ.
ಏಳುವಾಗ ಅದು ಟಕ್ಕೆನ್ನುತ್ತಿತ್ತು,
ಎಣ್ಣೆ ಹಚ್ಚಿ ಬಾಯಿ ಮುಚ್ಚಿಸುತ್ತಿದ್ದೆ.

ಹೆಜ್ಜೆ ಎಣಿಸುವುದೊಂದನ್ನು ಮಗಳು ಮೊಬೈಲಿಗೆ ಹಾಕಿಕೊಟ್ಟಳು.
ದಿನಕ್ಕೆ ಹತ್ತು ಸಾವಿರ ಆಗಬೇಕಂತೆ.
ಆ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.
ಇಪ್ಪತ್ತೈದು ಹೆಜ್ಜೆಗೆ ಒಂದು ಕಟ್ಟು,
ಮನಸ್ಸಿನಲ್ಲೇ ನೂಲು ಸುತ್ತಿ ಬದಿಗಿಡುತ್ತೇನೆ.
ಬಾಯಿಯ ಗೇಟಿಗೆ ಆರು ಕಟ್ಟು.
ಗೂಡಂಗಡಿಗೆ ಹನ್ನೊಂದು.
ಟ್ಯಾಂಕಿಗೆ ಎಷ್ಟೆಂದು ನಿನ್ನೆಯವರೆಗೂ ತಿಳಿದಿರಲಿಲ್ಲ.

ತೂಕ? ಇಳಿದದ್ದು ಒಂದೂವರೆ ಕಿಲೋ,
ದೀಪಾವಳಿಗೆ ಒಂದು ಕಿಲೋ ವಾಪಸು ಬಂತು.
ಅದರ ಸುದ್ದಿ ಬಿಡಿ.

ಬೇರೆ ಸುದ್ದಿ ಉಂಟು:
ನೆಲದಿಂದ ಏಳುವಾಗ ಈಗ ಗೋಡೆ ಬೇಡ.
ಬಸ್ಸಿನ ಮೊದಲ ಮೆಟ್ಟಿಲು ಎಷ್ಟೋ ತಗ್ಗಾಗಿದೆ,
ಕಂಡಕ್ಟರ್ "ಬೇಗ, ವಾರಿಜಕ್ಕ" ಅನ್ನುವಷ್ಟರಲ್ಲಿ ಒಳಗಿರುತ್ತೇನೆ.
ಮೀನಖಂಡದಲ್ಲಿ, ಒತ್ತಿ ನೋಡಿದೆ,
ಒಣಗಿಸಿಟ್ಟ ಸಾಂತಾಣಿಯಂಥ ಗಟ್ಟಿ ಉಂಡೆ.
ಐವತ್ತಾರರಲ್ಲಿ ಮೈಯೊಳಗೆ
ಹೊಸದೇನಾದರೂ ಹುಟ್ಟಿದರೆ ಹೆದರಬೇಕೆಂದಿದ್ದೆ.
ಇದಕ್ಕೆ ಹೆದರಲಿಲ್ಲ.

ಬ್ರಾಂಚಿನ ಚೆಕ್ಕರ್ ಮೋನಪ್ಪಣ್ಣ
ಕಟ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ,
ಸಡಿಲ, ಗಿಡ್ಡ, ತಲೆ ಸರಿಯಿಲ್ಲವೆಂದು
ಮುರಿದು ಬಿಸಾಡುತ್ತಿದ್ದ.
ಕನ್ನಡಿಯ ಮುಂದೆ ನಾನೂ
ಎಷ್ಟು ವರ್ಷ ಹಾಗೆಯೇ ನಿಂತೆನೋ
ಈ ಮೈಯನ್ನು ತಿರುಗಿಸಿ ತಿರುಗಿಸಿ.

ಇವತ್ತು ಬೆಳಿಗ್ಗೆ ಟ್ಯಾಂಕಿ ಮುಟ್ಟಿದೆ.
ಇಪ್ಪತ್ತೆರಡು ಕಟ್ಟು, ಮೇಲೆ ಒಂಬತ್ತು ಬಿಡಿ.
ತಣ್ಣಗಿನ ಸಿಮೆಂಟಿಗೆ ಅಂಗೈ ಇಟ್ಟೆ.
ತೆಂಗಿನ ತಲೆಗಳಾಚೆ ಒಂದು ಗೆರೆಯಷ್ಟು ಕಡಲು,
ಅದರ ಮೇಲೆ ನಿಂತೇ ಇರುವ ಹಡಗು.
ಎದೆ ಡೋಲಿನಂತೆ ಬಡಿಯುತ್ತಿತ್ತು.
ನೀನೂ ಬಂದೆಯಾ, ಅಂದೆ ಅದಕ್ಕೆ.
ಮೊಣಕಾಲಿಗೆ ಏನನ್ನೂ ಹೇಳಲಿಲ್ಲ.
ಇಳಿಯುವುದು ಇನ್ನೂ ಬಾಕಿ ಇತ್ತು.