ತೂಬು

ಗಂಗೋತ್ರಿಯ ಪ್ರಾಣಿಶಾಸ್ತ್ರದ ಹಿಂಬದಿ ಕೋಣೆಯಲ್ಲಿ
ಕಾವುಪೆಟ್ಟಿಗೆ. ಹದಿನಾರು ಮೊಟ್ಟೆ,
ನೆತ್ತಿಗೆ ಪೆನ್ಸಿಲ್ಲಿನ ನಂಬರು.
ಏಳನೆಯದರ ಚಿಪ್ಪಿಗೆ ನಾನೇ ಕೊರೆದ ಕಿಟಕಿ,
ಸೆಲ್ಲೋಟೇಪಿನ ಗಾಜು.

ಮೂರನೇ ದಿನ ಬಾಯಿಯ ಮಾಡು ಒಳಕ್ಕೆ ಮಡಚಿ
ಒಂದು ಪುಟ್ಟ ಚೀಲವಾಯಿತು.
ಬಾಯಿ ಅನ್ನುವುದೂ ಹೆಚ್ಚಾಯಿತು,
ಇನ್ನೂ ಕಾಳು ಕಾಣದ ಸೀಳು.
ಚೀಲ ಮೇಲಕ್ಕೆ ಹೊರಟಿತು.
ಮಿದುಳು ತನ್ನ ನೆಲದಿಂದ ಒಂದು ಬೆರಳು ಕೆಳಗಿಳಿಸಿತು.
ಎರಡೂ ತಾಕಿದ ಜಾಗ
ಸಾಸಿವೆಗಿಂತ ಸಣ್ಣದು.

ಅಲ್ಲಿಯ ಕೋಶಗಳಿಗೆ ಇನ್ನೂ ಕಸುಬಿಲ್ಲ.
ಯಾವುದು ಎಲುಬಿಗೆ ಬೆಳೆ ಅನ್ನಬೇಕು,
ಯಾವುದು ಗಂಟಲ ಗ್ರಂಥಿಯನ್ನು ಎಬ್ಬಿಸಬೇಕು,
ಯಾವುದು ಮುಂದೊಂದು ದಿನ ಕೋಳಿಯನ್ನು
ಅದರದೇ ಮೊಟ್ಟೆಯ ಮೇಲೆ ಕಾವಿಗೆ ಕೂರಿಸಬೇಕು,
ಯಾರೂ ಹೇಳಿಲ್ಲ.
ಮಿದುಳಿನಿಂದ ಹನಿಹನಿ ಹಾರ್ಮೋನು ಇಳಿಯುತ್ತದೆ.
ಕೆಲಸಗಾರರಿಗೆ ಕೆಲಸ ಹೇಳಲು ಎಂದುಕೊಂಡಿದ್ದೆ.
ಕೆಲಸಗಾರರನ್ನು ಮಾಡುವುದೂ ಅದೇ ಏನೋ,
ಎಂಬ ಅನುಮಾನಕ್ಕೆ
ನಾಲ್ಕು ವರ್ಷ, ಮುನ್ನೂರು ಮೊಟ್ಟೆ.

ದೊಡ್ಡಪ್ಪ ಜವರಯ್ಯ ಕಣ್ಣು ತೋರಿಸಲು ಕೆ.ಆರ್. ಆಸ್ಪತ್ರೆಗೆ ಬಂದವನು
ಇಲ್ಲಿಗೂ ಬಂದ.
ಕೀಲಾರದ ಬಯಲಿಗೆ ಇಪ್ಪತ್ತೊಂಬತ್ತು ವರ್ಷ ನೀರುಗಂಟಿ.
ಬಲಗಣ್ಣಿಗೆ ಹಸಿರು ಬಟ್ಟೆ.
ಎಡಗಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಬಹಳ ಹೊತ್ತು ಸುಮ್ಮನಿದ್ದ.

‘ಇದ್ರಲ್ ತೂಬು ಯಾವ್ದವ್ವ?’

ತೋರಿಸಿದೆ.

‘ನೀರ್ ಬುಟ್ಮೇಲೆ ಕಣವ್ವ ಅದು ಗದ್ದೆ.
ಅಲ್ಲೀಗಂಟ ಬರೀ ನೆಲ.’

ಇದನ್ನೇ ಬರೆಯಲು ನನಗೆ
ಅರವತ್ತು ಪುಟ ಬೇಕಾಗಿತ್ತು.

‘ಕೊನೇ ಮಡಿಗೆ ಮುಟ್ತದಾ?’
ಅದೇ ಗೊತ್ತಿಲ್ಲ ದೊಡ್ಡಪ್ಪ.
ಕೆಲವು ಏನೂ ಆಗದೆ ಹಾಗೇ ಉಳಿದುಬಿಡುತ್ತವೆ.
ಒಣಗುವುದಿಲ್ಲ, ತೆನೆಯೂ ಇಲ್ಲ.
ಆಮೇಲೆ ಯಾವಾಗಲೋ ಬೇಕಾದಾಗ...
‘ಒಟ್ಲು ಅನ್ನು’ ಅಂದ, ನಕ್ಕ.

ಒಂಬತ್ತನೆಯದನ್ನು ತೋರಿಸಲಿಲ್ಲ.
ಅದರ ಹನಿಯನ್ನು ನಾನೇ ತಡೆದಿದ್ದೆ,
ಸಣ್ಣ ಸೂಜಿಯಲ್ಲಿ, ಮಂಗಳವಾರ.
ಕೋಶಗಳು ಇವೆ, ಜೀವಂತ, ದುಂಡಗೆ,
ಬಾಗಿಲು ತೆರೆಯದ ಕಚೇರಿಯ ಮುಂದೆ
ಅರ್ಜಿಯೂ ಇಲ್ಲದೆ ನಿಂತವರ ಹಾಗೆ.
ತೂಬು ಮುಚ್ಚಿದವರ ಮುಖ
ಅವನಿಗೆ ಗೊತ್ತಾಗುತ್ತದೆ.

ಹೊರಡುವಾಗ ಕೇಳಿದ:
‘ಏಳ್ನೇದು ಹುಂಜ್ವಾ, ಹ್ಯಾಟೇನಾ?’
ನಾಳೆ ಹತ್ತು ಗಂಟೆಗೆ ಫಾರ್ಮಲಿನ್ ಅನ್ನಲಿಲ್ಲ.
ಇನ್ನೂ ಗೊತ್ತಾಗುವ ದಿನವಲ್ಲ, ಅಂದೆ.
ಹೂಂಗುಟ್ಟಿ, ತಂದಿದ್ದ ಬೆಲ್ಲದ ಅಚ್ಚನ್ನು
ಜಾಗ ಹುಡುಕಿ ಕಾವುಪೆಟ್ಟಿಗೆಯ ಮೇಲಿಟ್ಟ.

ಸಂಜೆ ನೋಡಿದರೆ
ಕಾಗದಕ್ಕೆ ಅಂಟಿ
ಒಂದು ಅಂಚು ಇಳಿಯುತ್ತಿತ್ತು.