ಆರು ಸೆಂಟಿಮೀಟರ್ ನೀರು

ರುಂಫಿಯ ಆಸ್ಪತ್ರೆಯ ಹಿಂದೊಂದು ಕೋಣೆ,
ಕೀಲಿ ನನ್ನ ಸೊಂಟದಲ್ಲಿ.
ಅಲ್ಲಿ ಸತ್ತ ಯಂತ್ರಗಳು ಒಂದರ ಮೇಲೊಂದು ಕೂತಿವೆ:
ಪ್ಲಗ್ಗು ಹೊಂದದೆ ಸೋತವು,
ನಮಗೆ ಬಾರದ ಭಾಷೆಯ ಕೈಪಿಡಿ ಹೊತ್ತು
ಹಡಗಿನಲ್ಲಿ ಬಂದವು.
ಒಂದು ಎಕ್ಸ್‌ರೇ ಪೆಟ್ಟಿಗೆಯೊಳಗೆ
ಮೂರು ವರ್ಷದಿಂದ ಹಲ್ಲಿಯ ಸಂಸಾರ.
ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ಸರಿ.
ಎಣಿಸುವುದಕ್ಕೇ ನನಗೆ ಸಂಬಳ.
ಇದರ ಫ್ಯೂಸು ಅದಕ್ಕೆ, ಅದರ ಚಕ್ರ ಮಂಚಕ್ಕೆ.

ಮಕ್ಕಳ ವಾರ್ಡಿನ ಈ ಯಂತ್ರಕ್ಕೆ ಮಾತ್ರ
ಕೈಪಿಡಿ ಬೇಕಿಲ್ಲ.
ಒಂದು ಪಂಪು, ಒಂದು ಕೊಳವೆ, ಒಂದು ನೀರಿನ ಬಾಟಲಿ.
ಗಾಳಿ ಕೂಸಿನ ಮೂಗಿಗೆ ಹೋಗುತ್ತದೆ,
ಉಳಿದದ್ದು ನೀರಿಗೆ ಇಳಿದು ಗುಳ್ಳೆಯಾಗುತ್ತದೆ.
ಕೊಳವೆ ಎಷ್ಟು ಮುಳುಗಿದೆಯೋ
ಎದೆಯೊಳಗೆ ಅಷ್ಟು ಒತ್ತಡ.
ಆರು, ಎಂದು ಬರೆದರು ಡಾಕ್ಟರು.
ನಾನು ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ
ಪೆನ್ನಿನಲ್ಲಿ ಆರು ಗೆರೆ ಎಳೆದೆ.

ತಿವೊಂಗೆಯ ಮಗಳು, ಇನ್ನೂ ಹೆಸರಿಲ್ಲ,
ಎಂಟು ವಾರ ಮುಂಚೆ ಬಂದವಳು,
ತಕ್ಕಡಿಯಲ್ಲಿ ಸಾವಿರದ ಇನ್ನೂರ ಅರವತ್ತು ಗ್ರಾಂ.
ಒದ್ದೆ ಪ್ಲಾಸ್ಟಿಕ್ ಚೀಲದ ಹಾಗೆ
ಪ್ರತಿ ಉಸಿರಿನ ತುದಿಯಲ್ಲಿ ಅಂಟಿಕೊಳ್ಳುವ ಶ್ವಾಸಕೋಶ.
ಪೂರಾ ಮುಚ್ಚಿಕೊಳ್ಳದಂತೆ
ಬಾಗಿಲಿಗೆ ಕಾಲು ಕೊಟ್ಟು ನಿಂತಿದೆ
ಆರು ಸೆಂಟಿಮೀಟರ್ ನೀರು.
ಉಲ್ಲನ್ ಟೋಪಿಗೆ ಪಿನ್ನು, ಪಿನ್ನಿಗೆ ರಬ್ಬರ್ ಬ್ಯಾಂಡು,
ಬ್ಯಾಂಡಿಗೆ ಕೊಳವೆ.
ಬೆರಳು ತೀರ ಸಣ್ಣದೆಂದು ಪಾದಕ್ಕೆ ಸುತ್ತಿದ ಪಟ್ಟಿಯಲ್ಲಿ
ಕೆಂಪು ದೀಪ ಉರಿಯುತ್ತದೆ,
ಪಾದವೇ ಪುಟ್ಟ ಲಾಟೀನು.

"ಗುಳ್ಳೆ ಕೇಳುತ್ತಿರು," ಎಂದಳು ನರ್ಸ್ ಲಿಸ್ನೆಟ್ ತಾಯಿಗೆ,
"ಸದ್ದು ನಿಂತರೆ ನನ್ನನ್ನು ಕೂಗು."
ಬಾಳು ನೀರ ಮೇಲಿನ ಗುಳ್ಳೆ ಅನ್ನುವವರು
ಈ ವಾರ್ಡಿನಲ್ಲಿ ಒಂದು ರಾತ್ರಿ ಕೂರಲಿ.
ಇಲ್ಲಿ ಗುಳ್ಳೆ ಇದ್ದರೆ ಸರಿ.

ಎರಡನೇ ರಾತ್ರಿ ಸದ್ದು ನಿಂತಿತು.
ತಿವೊಂಗೆ ಕೂಗಿದ್ದು ಲಿಸ್ನೆಟ್ಟಿಗೆ,
ಓಡಿ ಬಂದದ್ದು ನಾವಿಬ್ಬರೂ.
ಪರದೆಯಲ್ಲಿ ತೊಂಬತ್ತೊಂದು, ಎಂಬತ್ತೇಳು, ಎಂಬತ್ತೆರಡು.
ನಾನು ಪಂಪಿನ ಬೆನ್ನು ಬಿಚ್ಚಲು ಹೊರಟೆ,
ಸ್ಕ್ರೂಡ್ರೈವರ್ ಹಿಡಿದವನಿಗೆ
ಕಂಡದ್ದೆಲ್ಲ ಸ್ಕ್ರೂ.
ಲಿಸ್ನೆಟ್ ನನ್ನ ಕೈ ಸರಿಸಿ
ಟೋಪಿ ನೋಡಿದಳು.
ಒಂದು ಪಿನ್ನು ಜಾರಿತ್ತು, ಅಷ್ಟೇ.
ಗಾಳಿ ನೀರಿನ ತನಕ ಬರದೆ
ಕೆನ್ನೆಯ ಮೇಲೆಯೇ ಸೋರಿಹೋಗುತ್ತಿತ್ತು.
ಪಿನ್ನು ಕೂಡಿಸಿ, ಮೂಗಿನ ಕವಲು ನೆಟ್ಟಗೆ ಮಾಡಿ,
ಗದ್ದ ಮೆಲ್ಲಗೆ ಮೇಲೆತ್ತಿ ಬಾಯಿ ಮುಚ್ಚಿಸಿದಳು.
ಗುಳು.
ಗುಳು ಗುಳು.
ತೊಂಬತ್ತು ಬಂದಾಗ ತಿವೊಂಗೆ
ತನ್ನ ಚಿತೆಂಜೆಯ ಸೆರಗನ್ನು ಬಾಯಿಯಿಂದ ತೆಗೆದಳು.
ನಾನು ಬಿಚ್ಚಿದ್ದ ಒಂದೇ ಸ್ಕ್ರೂವನ್ನು
ಯಾರೂ ನೋಡದ ಹಾಗೆ ತಿರುಗಿ ಬಿಗಿದೆ.

ಐದನೇ ದಿನ ಕೂಸು ತಾನೇ ಉಸಿರಾಡಿತು.
ಕೊಳವೆ ತೆಗೆದರು, ಟೋಪಿ ಒಗೆಯಲು ಹೋಯಿತು,
ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ
ಬಟ್ಟೆಯಲ್ಲಿ ಕಟ್ಟಿದರು.
ಎಲ್ಲರೂ ನಕ್ಕರು.
ತಿವೊಂಗೆಗೆ ಮಾತ್ರ ಆ ರಾತ್ರಿ ನಿದ್ದೆಯಿಲ್ಲ.
ಕಣ್ಣು ಮುಚ್ಚಿದರೆ ಮೌನ,
ಮೌನವೆಂದರೆ ಕೂಗಬೇಕು, ಅದೇ ಅವಳು ಕಲಿತದ್ದು.
ನಡುರಾತ್ರಿ ನನ್ನ ಬಳಿ ಬಂದು ಕೇಳಿದಳು:
"ಬಾಟಲಿಯನ್ನು ಸುಮ್ಮನೆ ಪಕ್ಕದಲ್ಲಿ ಇಡಬಹುದೇ?
ಮಗುವಿಗಲ್ಲ. ನನಗೆ."

ಇಡಲಾಗದು. ಒಂದೇ ಇರುವುದು.
ಆಗಲೇ ಆಂಬ್ಯುಲೆನ್ಸಿನಲ್ಲಿ ಬೋಲೆರೋದಿಂದ
ಇನ್ನೊಂದು ಕೂಸು ಬಂದಿತ್ತು.
ಹೊಸ ನೀರು ತುಂಬಿದೆ, ಹೊಸ ಪಟ್ಟಿ ಅಂಟಿಸಿದೆ,
ಡಾಕ್ಟರು ಈ ಸಲ ಐದು ಎಂದರು.
ಅವಳ ಮಂಚದಿಂದ ನಾಲ್ಕನೆಯ ಮಂಚದಲ್ಲಿ
ಬೇರೆ ತಾಯಿಯ ಕೂಸಿಗೆ ಗುಳ್ಳೆ ಎದ್ದವು.

ಮೀಟರ್ ಬರೆದುಕೊಂಡು ಹೊರಡುವಾಗ ನೋಡಿದೆ:
ತಿವೊಂಗೆ ಆ ಕಡೆಗೆ ಕಿವಿ ಮಾಡಿಕೊಂಡು
ಬಾಯಿ ತೆರೆದು ಮಲಗಿದ್ದಾಳೆ.
ನಾಲ್ಕನೆಯ ಮಂಚದ ತಾಯಿ
ಎಚ್ಚರವಾಗಿ ಕೂತು
ಬಾಟಲಿಯನ್ನೇ ನೋಡುತ್ತಿದ್ದಾಳೆ.