ಬಿಳಿಗೆ ಬಿಲ್ಲು

ಕೆಡದ ಟೀವಿಯನ್ನು ರಿಪೇರಿ ಮಾಡಲು ಬಂದವನು
ಎಂದೇ ನನ್ನನ್ನು ಒಳಗೆ ಕರೆದರು, ನಿಟ್ಟುವಳ್ಳಿಯ ಆ ಮನೆಯಲ್ಲಿ.
ಹೋಗಲಿ, ಅದೂ ಪೂರ್ತಿ ಸುಳ್ಳಲ್ಲ.
ಅಳಿಯ ಕೊಂಡದ್ದು ಅರವತ್ತೈದು ಇಂಚು. ಅಂಗಡಿಯಲ್ಲಿ
ಪಕ್ಕದ ಟೀವಿಗಳ ಜೊತೆ ಜಗಳಕ್ಕೆ ನಿಲ್ಲಿಸಿದ್ದ ಹೊಳಪು
ಮನೆಗೆ ಬಂದಮೇಲೂ ಇಳಿದಿರಲಿಲ್ಲ:
ಹುಲ್ಲು ಗಿಳಿಹಸಿರು,
ವಾರ್ತೆ ಓದುವವಳ ಕೆನ್ನೆ ಕುಂಕುಮದ ನೀರು.

"ಕಿಟಕಿ ಮುಚ್ಚಬೇಕು" ಅಂದೆ. ಕಂಬಳಿ ಕಟ್ಟಿದರು.
ದೇವರ ಮನೆಯ ಜೀರೋ ಬಲ್ಬನ್ನೂ ಆರಿಸಿ ಎಂದಾಗ
ಅತ್ತೆ ಒಮ್ಮೆ ನನ್ನ ಮುಖ ನೋಡಿದರು.
ಮೂರು ಗಂಟೆಗೇ ಕತ್ತಲೆ. ಗೋಡೆಯ ತುಂಬ ಬೂದು ಚೌಕ.
ಅದರ ಎದೆಗೆ ಮೀಟರು ತಾಗಿಸಿ ಕೂತೆ.
ಕೆಂಪು ಎರಡು ಮೇಲೆ. ನೀಲಿ ಒಂಬತ್ತು ಕೆಳಗೆ.
ಮತ್ತೆ ನೀಲಿ.
ಎರಡೂವರೆ ತಾಸು.

ಮೂಲೆಯ ಕುರ್ಚಿಯಿಂದ ಮುರಿಗೆಪ್ಪ ಕೇಳಿದರು:
"ಏನು ಹುಡುಕ್ತಿದೀಯಪ ಅಷ್ಟೊತ್ತಿಂದ?"
"ಬಿಳಿ" ಅಂದೆ.
ನಕ್ಕರು. ಕಾಟನ್ ಮಿಲ್ಲಿನ ಬ್ಲೀಚಿಂಗ್ ಖಾತೆಯಲ್ಲಿ
ಇಪ್ಪತ್ತಾರು ವರ್ಷ, ಸೈರನ್ನು ನಿಲ್ಲುವ ತನಕ,
ಅವರ ಕೆಲಸವೂ ಅದೇ ಆಗಿತ್ತಂತೆ.
ಹಾಲುಬಿಳಿ, ಸುಣ್ಣದ ಬಿಳಿ, ನೀಲಿ ಅದ್ದಿದ ಬಿಳಿ,
ಮದುವೆ ಧೋತ್ರದ್ದೊಂದು, ಹೆಣದ ಬಟ್ಟೆಯದೊಂದು.
"ಅದನ್ನ ಕಮ್ಮಿ ಕುದಿಸ್ತಿದ್ರು. ಯಾರು ನೋಡ್ತಾರೆ ಅಂತ."

ಮುಗಿಸಿದೆ. ಅಳಿಯ ಹೇಳಿದ ಪಂದ್ಯ ಹಚ್ಚಿದೆ.
ಯಾರೂ ಮಾತಾಡಲಿಲ್ಲ.
ನನಗೆ ಗೊತ್ತಿರುವ ಮೌನ ಅದು,
"ಹಳದಿ ಆಯ್ತಲ್ಲ?" ಎನ್ನುವುದಕ್ಕೆ ಮುಂಚಿನದು,
ಒಂದು ವಾರ ನೋಡಿ, ಕಣ್ಣು ಒಗ್ಗುತ್ತೆ
ಎಂದು ನಾನು ಹೇಳುವುದಕ್ಕೂ ಮುಂಚಿನದು.

ಮುರಿಗೆಪ್ಪ ಎದ್ದು ಬಂದು
ಅಂಗೈಯಿಂದ ಒಂದು ಕಣ್ಣು ಮುಚ್ಚಿದರು.
ಆಮೇಲೆ ಇನ್ನೊಂದು.
ಮತ್ತೆ ಮೊದಲಿನದು.
"ಪೊರೆ ತೆಗೆಸಿದ ಕಣ್ಣಿಗೆ ನಿಂದು ಸರಿ ಐತೆ.
ತೆಗೆಸದೇ ಇರೋದಕ್ಕೆ ಅಂಗಡಿಯವಂದೇ ಸರಿ.
ಈಗ ಬಿಲ್ಲು ಯಾವ ಕಣ್ಣಿಗೆ ಮಾಡ್ತಿ?"

ನನ್ನ ಮೀಟರಿಗೆ ಒಂದೇ ಕಣ್ಣು. ಅದಕ್ಕೆ ಪೊರೆ ಬರುವುದಿಲ್ಲ;
ವರ್ಷಕ್ಕೊಮ್ಮೆ ಕೊರಿಯರಿನಲ್ಲಿ ಹೋಗಿ
ತನ್ನನ್ನೇ ಅಳೆಸಿಕೊಂಡು ಬರುತ್ತದೆ.
ಇದನ್ನು ಹೇಳಲಿಲ್ಲ.
ಅಂಗಡಿಯದನ್ನೂ ನನ್ನದನ್ನೂ ಟೀವಿಯಲ್ಲಿ ಉಳಿಸಿ
ಹೆಸರಿಟ್ಟೆ: ಎಡಗಣ್ಣು, ಬಲಗಣ್ಣು.
ಇನ್ನೂರು ಬಿಟ್ಟು ತೆಗೆದುಕೊಂಡೆ.

ಹೊರಗೆ ಕತ್ತಲಾಗುತ್ತಿತ್ತು. ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಹೊಟ್ಟಿನ ಹೊಗೆ, ಹಳದಿ ಬೀದಿದೀಪ,
ಕೆಳಗೆ ತಾಟಿನ ಮೇಲೆ ಸುರಿದ ರಾಶಿ.
ಅರಿಶಿನದಂಥ ಆ ಬೆಳಕಿನಲ್ಲಿ
ಅದು ಬೆಳ್ಳಗಿತ್ತು.
ಸ್ಕೂಟರು ನಿಲ್ಲಿಸಿ ನೋಡಿದೆ. ಹೌದು, ಬೆಳ್ಳಗೇ.
ಪೆಟ್ಟಿಗೆಯಲ್ಲಿ ಮೀಟರಿತ್ತು. ತೆಗೆಯಲಿಲ್ಲ.
"ಎಷ್ಟು ಸೇರು?" ಅಂದಳು.
"ಎರಡು" ಅಂದೆ, "ಬಿಸಿ ಇರೋದು."